ರೇಷ್ಮೆಯ ಸಾಲಿನಲ್ಲಿ ಹತ್ತಿಯ ಸೂತ್ರ

ರೈಲಿನಲ್ಲಿ ಜನ ಮರೆತುಬಿಟ್ಟ ಕೊಡೆಗಳಿಗೆ ಇನ್‌ಸ್ಪೆಕ್ಟರ್ ಕುವಾಬಾರಾ ಸಾಯೋ ಚೀಟಿ ಕಟ್ಟುತ್ತಿದ್ದಳು. ಜೂನ್ ತಿಂಗಳಲ್ಲಿ ಜಪಾನಿನ ಕಿರ್ಯೂ ಊರಿನ ಪೊಲೀಸ್ ಠಾಣೆಗೆ ಅದೇ ದೊಡ್ಡ ಕೆಲಸ. ಅರ್ಧ ಮುಗಿದಿತ್ತು, ಅಷ್ಟರಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ನಿರ್ದೇಶಕ ತ್ಸುಕುದಾ ಒಳಗೆ ನುಗ್ಗಿದ. ಕೈಯಲ್ಲಿದ್ದ ಚೀಲವನ್ನು ಮೇಜಿನ ಮೇಲೆ ಸುರಿದ. ಕೆಂಪು ರೇಷ್ಮೆ, ಮುಟ್ಟಿದರೆ ನೆಂದ ಕಾಗದದಂತೆ ಹರಿಯುತ್ತಿತ್ತು.

"ನನ್ನ ಮಗಳ ಮದುವೆ ಬಟ್ಟೆ ಇದು! ಯಾರೋ ಬೇಕಂತಲೇ ಹಾಳು ಮಾಡಿದಾರೆ."

ಬೆಳಗ್ಗೆ ಒಂಬತ್ತೂವರೆಗೆ ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಕಾರ್ಖಾನೆಯಲ್ಲಿ ಪಂಚನಾಮೆ ನಡೆಯಿತು. ಹತ್ತಿಗೆ ಹಾಕುವ, ರೇಷ್ಮೆಯನ್ನು ತಿಂದುಹಾಕುವ ಬಿಸಿ ಕ್ಷಾರ ರೇಷ್ಮೆಯ ತೊಟ್ಟಿಗೆ ಹರಿದಿತ್ತು. ಯಾವ ಬಟ್ಟೆಗೆ ಏನು, ಎಷ್ಟು ಎಂದು ಲೆಕ್ಕ ಹಾಕಿ ಯಂತ್ರಕ್ಕೆ ಹೇಳುವುದು ಕಂಪ್ಯೂಟರಿನ ಹಾಳೆ. ಅದರಲ್ಲಿ ರೇಷ್ಮೆಗೆ, ಹತ್ತಿಗೆ, ಉಣ್ಣೆಗೆ ಬೇರೆ ಬೇರೆ ಸೂತ್ರಗಳನ್ನು ಯಾರೋ ಕೈಯಾರೆ ಬರೆದಿಟ್ಟಿದ್ದರು.

ಕಾನ್‌ಸ್ಟೇಬಲ್ ನಾಗಾಸೆ ಒಂದೊಂದನ್ನೂ ಓಡಿಸಿ ನೋಡಿದ. "ಎಲ್ಲಾ ಸರಿಯಾಗಿವೆ ಮೇಡಂ. ನಮ್ಮತ್ತೆ ನಾಲಗೆ ಇದ್ದಂಗೆ, ಒಂದೂ ಗುರಿ ತಪ್ಪಲ್ಲ."

"ಇವನ್ನು ಬರೆದೋರು ಯಾರು?"

"ನಾನೇ," ಎಂದ ತ್ಸುಕುದಾ. ಗೋಡೆಯ ಮೇಲಿನ ವರ್ತಕರ ಸಂಘದ ಪ್ರಶಸ್ತಿ ಫಲಕವನ್ನು ತೋರಿಸಿದ. "ವರ್ಷಗಟ್ಟಲೆ ನಿದ್ದೆಗೆಟ್ಟಿದೀನಿ."

"ಯಾವ ಬಟ್ಟೆಗೆ ಯಾವ ಸೂತ್ರ ಓಡಬೇಕು ಅಂತ ಆರಿಸೋದು ಯಾವುದು?"

"ಅದು... ಸೂತ್ರಾನೇ ಆರಿಸ್ಕೊಳ್ಳುತ್ತೆ."

ನಾಗಾಸೆ ಕೆಮ್ಮಿದ. ಚಹಾ ತಂದಿಡುತ್ತಿದ್ದ ಹಿರಿಯ ಗುಮಾಸ್ತೆ ಹೋಶಿನಾ ಮಿಚಿಯೋಳ ಕಡೆ ಸಾಯೋ ತಿರುಗಿದಳು. "ನಿಮಗೆ ಗೊತ್ತಾ?"

"ನನಗೇನು ಗೊತ್ತು? ಬರೆದಿದ್ದು ಯಜಮಾನ್ರಲ್ವಾ?"

ಆ ಮಾತು ತೀರಾ ಮೆತ್ತಗಿತ್ತು. ಬಹಳ ದಿನ ಬಾಯಲ್ಲಿ ಇಟ್ಟುಕೊಂಡು ಮೃದು ಮಾಡಿದಂತೆ ಸಾಯೋಗೆ ಕೇಳಿಸಿತು.

ಮಧ್ಯಾಹ್ನ, ಕಂಪ್ಯೂಟರಿನಲ್ಲಿ ಯಾರೋ ಬಚ್ಚಿಟ್ಟಿದ್ದ ಇನ್ನೊಂದು ಹಾಳೆಯನ್ನು ನಾಗಾಸೆ ಹೊರತೆಗೆದ. ಅದರಲ್ಲೊಂದು ಪಟ್ಟಿ. ಎಡಕ್ಕೆ ಬಟ್ಟೆಯ ಸಂಖ್ಯೆ, ಬಲಕ್ಕೆ ಅದಕ್ಕೆ ಓಡಬೇಕಾದ ಸೂತ್ರದ ಹೆಸರು. ಮದುವೆಯ ರೇಷ್ಮೆಯ ಎದುರು ಹತ್ತಿಯ ಸೂತ್ರದ ಹೆಸರಿತ್ತು. ಸೂತ್ರಗಳನ್ನು ಯಾರೂ ಮುಟ್ಟಿರಲಿಲ್ಲ. ಬದಲಾದದ್ದು ಆ ಒಂದು ಸಾಲು.

ಸಾಯೋ ತ್ಸುಕುದಾನನ್ನು ಠಾಣೆಗೆ ಕರೆಸಿದಳು.

"ಈ ಪಟ್ಟಿ ಇರೋದು ಬರೆದೋರಿಗೆ ಬಿಟ್ಟು ಇನ್ಯಾರಿಗೂ ಗೊತ್ತಾಗಲ್ಲ. ಬರೆದೋರು ನೀವು. ಅಂದ್ರೆ ಬದಲಾಯಿಸಿದ್ದೂ ನೀವೇ."

"ನನ್ನ ಮಗಳ ಬಟ್ಟೇನ ನಾನೇ ಹಾಳು ಮಾಡ್ಕೋತೀನಾ?"

"ಮತ್ತೆ ಯಾರು?"

ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ನಾನು ಬರೆದಿಲ್ಲ. ಒಂದು ಸಾಲೂ ಬರೆದಿಲ್ಲ. ಎಲ್ಲಾ ಹೋಶಿನಾಳ ಕೆಲಸ."

ಹೇಳಿಕೆ ಬರೆದುಕೊಂಡು ಓದಿ ಹೇಳಿದರು. ಅವನು ಸಹಿಯ ಬದಲು ತನ್ನ ಹೆಸರಿನ ಮುದ್ರೆ ಒತ್ತಿದ.

ಸಂಜೆ ಐದಕ್ಕೆ ಬಂಧನ. ಕಾರ್ಖಾನೆಯಲ್ಲಿ ಮಿಚಿಯೋ ಚಹಾದ ಬಟ್ಟಲುಗಳನ್ನು ತೊಳೆದು ಕವುಚಿಡುತ್ತಿದ್ದಳು.

"ಯಜಮಾನ್ರ ಬಾಯಿಂದಲೇ ಬಂತಾ, ನಾನು ಬರೆದಿದ್ದು ಅಂತ?"

"ಮುದ್ರೆ ಒತ್ತಿದಾರೆ."

"ಹಾಗಾದ್ರೆ ನಡೀರಿ."

"ಆ ಹುಡುಗಿ ನಿಮಗೇನು ಮಾಡಿದ್ಲು?"

"ಬಟ್ಟೆ ಹೋಯ್ತು, ಅಷ್ಟೇ. ಇನ್ನೊಂದು ನೇಯಬಹುದು." ಮಿಚಿಯೋ ಕೈ ಒರೆಸಿಕೊಂಡಳು. "ಹಾಳೆಯ ಮೂಲೇಲಿ ನನ್ನ ಹೆಸರಿರಲಿ ಅಂತ ಒಂದ್ಸಲ ಕೇಳಿದ್ದೆ. ಹೆಂಗಸರ ಹೆಸರು ಮದುವೆ ಆದ್ಮೇಲೆ ಹೇಗೂ ಬದಲಾಗುತ್ತಲ್ಲ, ಬರೆದು ಏನು ಪ್ರಯೋಜನ ಅಂದ್ರು ಯಜಮಾನ್ರು. ಸುತ್ತ ಇದ್ದೋರೆಲ್ಲ ನಕ್ಕರು. ಆಗ ನನಗೆ ನಲವತ್ತಾರು, ಮದುವೆ ಆಗಿರಲಿಲ್ಲ. ಪ್ರಶಸ್ತಿ ಬಂದ ದಿನ ಅತಿಥಿಗಳಿಗೆ ಚಹಾ ಕೊಟ್ಟಿದ್ದೂ ನಾನೇ."

ಮರುದಿನ ತ್ಸುಕುದಾ ಸಿಹಿಯ ಡಬ್ಬಿ ಹಿಡಿದು ಠಾಣಾಧಿಕಾರಿಯ ಕೋಣೆಗೆ ಹೋದ. ಅವನು ಹೊರಟ ಮೇಲೆ ಅಧಿಕಾರಿ ಸಾಯೋಳನ್ನು ಕರೆದ.

"ಆರೋಪಿ ಒಪ್ಪಿಕೊಂಡಿದ್ದಾಳೆ. ಆ ಮನುಷ್ಯನ ಹೇಳಿಕೆ ಸೇರಿಸಲೇಬೇಕಾ? ಊರಲ್ಲಿ ಮರ್ಯಾದಸ್ಥ, ಪಾಪ."

"ನೋಡ್ತೀನಿ ಸರ್."

ಅವಳು ತನ್ನ ಮೇಜಿಗೆ ಬಂದು ಕಡತ ಬಿಚ್ಚಿದಳು. ಮಿಚಿಯೋಗೆ ಶಿಕ್ಷೆ ಆಗಿಯೇ ಆಗುತ್ತದೆ, ಆಗಬೇಕಾದ್ದೇ. ಆದರೆ ನ್ಯಾಯಾಲಯದಲ್ಲಿ ಕಾಗದಗಳನ್ನು ಗಟ್ಟಿಯಾಗಿ ಓದುತ್ತಾರೆ. ವರ್ತಕರು ಬರುತ್ತಾರೆ, ಪತ್ರಿಕೆಯವರೂ ಬರುತ್ತಾರೆ.

"ಎಲ್ಲಾ ಹೊಂದಿಸಿ ಆಯ್ತಾ ಮೇಡಂ? ಸರ್ಕಾರಿ ವಕೀಲರ ಕಚೇರಿಗೆ ಹೊರಡ್ಲಾ?" ನಾಗಾಸೆ ಬಾಗಿಲಲ್ಲಿ ನಿಂತು ಕೇಳಿದ.

"ಒಂದು ನಿಮಿಷ."

ಸಾಯೋ ತ್ಸುಕುದಾನ ಹೇಳಿಕೆಯನ್ನು ಎಲ್ಲಕ್ಕಿಂತ ಮೇಲಿಟ್ಟು, ಲಕೋಟೆ ಅಂಟಿಸಿ ನಾಗಾಸೆಯ ಕೈಗೆ ಕೊಟ್ಟಳು.