ಗೋಡೆ ಮುಟ್ಟದ ಟೈರು

"ಈ ಟೈರು ಗೋಡೆಗೆ ಗುದ್ದಿಲ್ಲ ಕಣೇ."

ನರ್ಸಿಂಗ್ ಹೋಮಿನ ಗ್ಯಾರೇಜಿನಲ್ಲಿ, ಎಣ್ಣೆ ಕಲೆಯ ನೆಲದ ಮೇಲೆ ಹಳೇ ಪೇಪರು ಹಾಸಿಕೊಂಡು ಕೂತಿದ್ದ ಅತ್ತೆ ಹೀಗೆಂದಾಗ ಸೊಸೆಗೆ ಸಿಟ್ಟೇ ಬಂತು. ಬೆಳಗಿನ ಒಂಬತ್ತೂವರೆ. ಹನ್ನೊಂದಕ್ಕೆ ವಿಚಾರಣೆ. ಇದು ತಮಾಷೆಯ ಹೊತ್ತೇ?

"ಅತ್ತೆ, ಗುದ್ದಿದಾಗ ಸ್ಟೀರಿಂಗ್ ಹಿಡ್ಕೊಂಡು ಒಳಗೆ ಕೂತಿದ್ದೋಳು ನಾನು."

"ಕಾರು ಗುದ್ದಿದೆ. ಅದನ್ನ ಯಾರು ಇಲ್ಲ ಅಂದ್ರು? ಟೈರು ಗುದ್ದಿಲ್ಲ ಅಂದೆ. ಬಾ, ಬಗ್ಗಿ ನೋಡು."

ಸೊಸೆ ಬಗ್ಗಲಿಲ್ಲ. ಸೋಮವಾರದಿಂದ ಅವಳ ತಲೆ ಬಗ್ಗಿಯೇ ಇತ್ತು.

ಆರು ವರ್ಷದಿಂದ ಅವಳು ಈ ನರ್ಸಿಂಗ್ ಹೋಮಿನ ಡ್ರೈವರು. ನಡೆಯಲಾಗದ ರೋಗಿಗಳನ್ನು ಮನೆಯಿಂದ ಕರೆತರುವುದು, ಮತ್ತೆ ಮನೆ ಮುಟ್ಟಿಸುವುದು ಕೆಲಸ. ಆರು ವರ್ಷದಲ್ಲಿ ಕಾರಿಗೆ ಒಂದು ಗೀರು ಬಿದ್ದಿರಲಿಲ್ಲ. ಸೋಮವಾರ ಬೆಳಿಗ್ಗೆ ಜಡಿಮಳೆಯಲ್ಲಿ ಟೈಲರ್ ತಾತನನ್ನು ಕರೆತರುತ್ತಿದ್ದಾಗ, ನೀರಿನ ಟ್ಯಾಂಕಿನ ತಿರುವಿನಲ್ಲಿ ಕಾರು ಜಾರಿತು. ಜಾರಿ, ಗಿರಕಿ ಹೊಡೆದು, ಟ್ಯಾಂಕಿನ ನೀಲಿ ಕಾಂಪೌಂಡಿಗೆ ಬಡಿಯಿತು. ತಾತನ ಬಲಗೈ ಮಣಿಕಟ್ಟು ಮುರಿಯಿತು. ಐವತ್ತು ವರ್ಷ ಕತ್ತರಿ ಹಿಡಿದ ಕೈ.

ಮಂಗಳವಾರ ವಿಮೆಯವರು ಬಂದು ನೋಡಿದರು. ಬ್ರೇಕ್ ಸರಿಯಿದೆ, ಸ್ಟೀರಿಂಗ್ ಸರಿಯಿದೆ, ಟೈರು ನಾಲ್ಕೂ ಹೊಸದು. ಹಾಗಾದರೆ ತಪ್ಪು ಯಾರದ್ದು? ಅತಿವೇಗ ಎಂದು ಬರೆದು ಹೋದರು. ಇವತ್ತಿನ ವಿಚಾರಣೆ ಮುಗಿದರೆ ಕೆಲಸ ಹೋಗುತ್ತದೆ, ಲೈಸೆನ್ಸ್ ರದ್ದು ಮಾಡಿ ಎಂಬ ಪತ್ರವೂ ಹೋಗುತ್ತದೆ.

ಇಷ್ಟರ ಮೇಲೆ, ಗಾಯಕ್ಕೆ ಉಪ್ಪು ಸವರಿದ ಹಾಗೆ, ಆ ಟೈರುಗಳನ್ನು ಆರಿಸಿದವಳೂ ಅವಳೇ. ಎರಡು ತಿಂಗಳ ಹಿಂದೆ ಮೂರು ಅಂಗಡಿ ಸುತ್ತಿದ್ದಳು. ಮೆತ್ತನೆ ರಬ್ಬರು, ನೀರನ್ನು ಬಾಚಿ ಆಚೆ ತಳ್ಳುವ ಅಗಲವಾದ ಆಳದ ಕಾಲುವೆಗಳು, ಒದ್ದೆ ರಸ್ತೆಯ ಹಿಡಿತಕ್ಕೆ ಲೇಬಲ್ಲಿನಲ್ಲಿ ಮೊದಲ ದರ್ಜೆ. ಬೇಗ ಸವೆಯುತ್ತೆ ಎಂದು ಮ್ಯಾನೇಜರ್ ಮೂಗು ಮುರಿದಿದ್ದರು. ಹೆಡ್ ಮೆಕ್ಯಾನಿಕ್ ಅಂತೂ 'ಮಹಾರಾಣಿ ಟೈರು' ಎಂದು ಹೆಸರಿಟ್ಟು ಇಡೀ ಗ್ಯಾರೇಜನ್ನು ನಗಿಸಿದ್ದರು. ಅವಳು ಜಗ್ಗಿರಲಿಲ್ಲ. ಈಗ ಆ ಮಹಾರಾಣಿಯೇ ಕೈಕೊಟ್ಟಿದ್ದಳು.

"ಬಗ್ಗು ಅಂದೆ," ಅಂದರು ಅತ್ತೆ.

ಅತ್ತೆ ಟೈರ್ ಫ್ಯಾಕ್ಟರಿಯ ತಪಾಸಣೆ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತಿಯಾದವರು. ಮನೆಯಲ್ಲಿ ಚಪಾತಿ ದುಂಡಗಿಲ್ಲದಿದ್ದರೂ ತಿರುಗಿಸಿ ತಿರುಗಿಸಿ ನೋಡುವ ಕಣ್ಣು. ಆ ಕಣ್ಣಿಗೆ ಹೆದರಿಯೇ ಸೊಸೆ ಎರಡು ದಿನ ಅವರೆದುರು ಬಾಯಿ ಬಿಟ್ಟಿರಲಿಲ್ಲ. ಇವತ್ತು ಅವರೇ ಚಪ್ಪಲಿ ಮೆಟ್ಟಿ "ನಡಿ" ಎಂದಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಇದು ಇಬ್ಬರ ಕಾಲವೂ ಅಲ್ಲ ಎಂದುಕೊಂಡು ಅವಳು ಬಗ್ಗಿದಳು.

ಎಡ ಹಿಂಬದಿಯ ಚಕ್ರ. ಟೈರು ಕೂರುವ ಲೋಹದ ರಿಮ್ಮಿನ ಅಂಚು ಒಂದು ಗೇಣುದ್ದ ತರಚಿತ್ತು. ತರಚಿದಲ್ಲಿ ಗೋಡೆಯ ನೀಲಿ ಬಣ್ಣ.

"ಈಗ ಟೈರಿನ ಹೊಟ್ಟೆ ಮುಟ್ಟು. ರಿಮ್ಮಿಗಿಂತ ಹೊರಕ್ಕೆ ಉಬ್ಬಿದೆಯೋ, ಒಳಕ್ಕಿದೆಯೋ?"

"ಹೊರಕ್ಕೆ ಉಬ್ಬಿದೆ."

"ಹಾಗಾದ್ರೆ ಗೋಡೆಗೆ ಮೊದಲು ತಾಗಬೇಕಾದ್ದು ಯಾವುದು?"

ಸೊಸೆಯ ಬೆರಳು ಕಪ್ಪು ರಬ್ಬರಿನ ಮೇಲೆ ನಿಂತಿತು. ಒಂದು ಗೀರಿಲ್ಲ. ಒಂದು ಚುಕ್ಕೆ ನೀಲಿಯಿಲ್ಲ.

"ಅತ್ತೆ— ಅಂದ್ರೆ ಗುದ್ದಿದಾಗ ಈ ರಿಮ್ಮಿನ ಮೇಲೆ—"

"ಬೇರೆ ಟೈರಿತ್ತು. ಕೂಗಾಡ್ಬೇಡ. ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಕಾರು ಹೇಗೆ ಜಾರಿತು? ಸ್ಟೀರಿಂಗ್ ತಿರುಗಿಸಿದರೂ ಮುಂದಕ್ಕೇ ಹೋಯ್ತಾ, ಇಲ್ಲ ಹಿಂಭಾಗ ಬೀಸ್ತಾ?"

"ಹಿಂಭಾಗ. ಬಲ ತಿರುವು. ಬಾಲ ಎಡಕ್ಕೆ ಬೀಸಿಬಿಡ್ತು."

"ಮುಂದಿನ ಟೈರು ಹಿಡೀತು, ಹಿಂದಿನದು ಬಿಡ್ತು. ಹಿಂದಿನ ಎರಡೇ ಬದಲಾಗಿದ್ವು. ದಿನಾ ಬೆಳಿಗ್ಗೆ ಟೈರು ನೋಡ್ತೀಯಲ್ಲ, ಸೋಮವಾರ ನೋಡಿದ್ಯಾ?"

ಸೊಸೆ ಅಡ್ಡಡ್ಡ ತಲೆಯಾಡಿಸಿದಳು.

"ಇಲ್ಲ. ಮಳೆ ಸುರೀತಿತ್ತು. ತಾತ ಬಾಗಿಲಲ್ಲೇ ನಿಂತಿದಾರೆ ಅಂತ ಫೋನ್ ಬಂತು. ಓಡಿದೆ. ಅದೊಂದು ದಿನ ನೋಡಲಿಲ್ಲ ಅತ್ತೆ."

"ಅದು ನಿನ್ನ ತಪ್ಪು. ಅದನ್ನ ಒಪ್ಕೋ. ಮಿಕ್ಕಿದ್ದನ್ನ ಹೊರಬೇಡ. ಭಾನುವಾರ ರಜಾ. ಶನಿವಾರ?"

"ಶನಿವಾರ ಕಾರು ಇಲ್ಲೇ ಸರ್ವಿಸ್‌ಗೆ ನಿಂತಿತ್ತು."

"ಈ ಟೈರುಗಳ ನಂಬರು ಬರ್ಕೊಂಡಿದ್ಯಾ?"

ಬರೆದುಕೊಂಡಿದ್ದಳು. ಪುಟ್ಟ ಡೈರಿಯಲ್ಲಿ ನಾಲ್ಕೂ ನಂಬರು. ಇಬ್ಬರೂ ಸೇರಿ ತಾಳೆ ನೋಡಿದರು. ನಾಲ್ಕಕ್ಕೆ ನಾಲ್ಕೂ ಹೊಂದಿದವು.

"ನನ್ನ ಟೈರೇ ಇದು! ಹಾಗಾದ್ರೆ?"

"ಹಾಗಾದ್ರೆ, ನಿನ್ನ ಮಹಾರಾಣಿಯರಿಬ್ಬರು ಎರಡು ದಿನ ಎಲ್ಲೋ ಸವಾರಿ ಹೋಗಿ ಬಂದಿದಾರೆ. ಸೋಮವಾರ ಕಾರನ್ನ ಎಳ್ಕೊಂಡು ಬಂದ ಮೇಲೆ, ಮಂಗಳವಾರ ವಿಮೆಯವರು ನೋಡೋ ಮೊದಲೇ, ಸದ್ದಿಲ್ಲದೆ ವಾಪಸ್ ಕೂತಿದಾರೆ."

"ಮ್ಯಾನೇಜರ್!" ಅಂದಳು ಸೊಸೆ. "ಮೊದಲಿಂದ್ಲೂ ಅವರಿಗೆ ಈ ಟೈರಿನ ಮೇಲೇ ಕಣ್ಣು."

ಅತ್ತೆ ಎದ್ದು, ಸೀರೆ ಕೊಡವಿಕೊಂಡು, ಅಂಗಳದಲ್ಲಿದ್ದ ಮ್ಯಾನೇಜರರ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದರು.

"ಅವರ ಚಕ್ರ ನಿನ್ನ ಚಕ್ರಕ್ಕಿಂತ ದೊಡ್ಡದು. ಅಲ್ಲಿ ಇದು ಕೂರಲ್ಲ. ಸಿಟ್ಟಿರೋರ ಮೇಲೆಲ್ಲ ಅನುಮಾನ ಪಟ್ಟರೆ ಕಳ್ಳ ಸಿಗಲ್ಲ, ಶತ್ರು ಸಿಗ್ತಾನೆ. ಗುದ್ದಿದ ಟೈರು ಎಲ್ಲಿದೆ ಅಂತ ಯೋಚ್ನೆ ಮಾಡು. ಅದು ಸಿಕ್ಕಿದರೆ ಆಯ್ತು."

ಸೊಸೆ ಹಳೇ ಟೈರುಗಳ ರಾಶಿ ಜಾಲಾಡಿದಳು. ನೀಲಿ ಗೀರಿನ ಒಂದು ಟೈರೂ ಇರಲಿಲ್ಲ. ಗಂಟೆ ಹತ್ತೂಮುಕ್ಕಾಲು.

ಹನ್ನೊಂದಕ್ಕೆ ಸರಿಯಾಗಿ ಡಾಕ್ಟರಮ್ಮ ಬಂದರು. ನರ್ಸಿಂಗ್ ಹೋಮು ಅವರದ್ದೇ. ಜೊತೆಗೆ ಫೈಲು ಹಿಡಿದ ಮ್ಯಾನೇಜರ್, ಕೈ ಒರೆಸಿಕೊಳ್ಳುತ್ತಾ ಹೆಡ್ ಮೆಕ್ಯಾನಿಕ್.

"ಡಾಕ್ಟ್ರೇ, ಹುಡುಗಿ ಒಳ್ಳೇವಳು," ಎಂದು ಯಾರೂ ಕೇಳುವ ಮೊದಲೇ ಶುರುಮಾಡಿದರು ಮೆಕ್ಯಾನಿಕ್. "ಏನೋ ಮಳೆ, ಅವಸರ. ಹೊಟ್ಟೆ ಮೇಲೆ ಹೊಡೀಬೇಡಿ. ಲೈಸೆನ್ಸ್ ವಿಷಯ ಬಿಟ್ಟುಬಿಡಿ, ಕೆಲಸ ಮಾತ್ರ—"

ಸೊಸೆಗೆ ಕಣ್ಣು ತುಂಬಿ ಬಂತು. ಟೈರನ್ನು ಗೇಲಿ ಮಾಡಿದರೂ ಈ ಅಣ್ಣನ ಮನಸ್ಸು ಬೆಣ್ಣೆ ಎಂದುಕೊಂಡಳು.

ಅತ್ತೆ ಮುಂದೆ ಬಂದರು. "ಡಾಕ್ಟರಮ್ಮ, ನಾನು ಇವಳ ಅತ್ತೆ. ಹತ್ತು ನಿಮಿಷ ಕೊಡಿ. ಆಮೇಲೆ ಇವಳನ್ನ ಏನು ಬೇಕಾದ್ರೂ ಮಾಡಿ."

ರಿಮ್ಮು ತೋರಿಸಿದರು. ಟೈರು ತೋರಿಸಿದರು. ಡಾಕ್ಟರಮ್ಮ ತಾವೇ ಕೂತು ಮುಟ್ಟಿ ನೋಡಿದರು.

"ತೊಳೆದಾಗ ಹೋಗಿರುತ್ತೆ," ಅಂದರು ಮೆಕ್ಯಾನಿಕ್.

"ತೊಳೆದರೆ ಬಣ್ಣ ಹೋಗಬಹುದು. ತರಚಿದ ಗಾಯ ಹೋಗುತ್ತಾ? ರಿಮ್ಮಿನ ಬಣ್ಣ ಉಳಿಸಿ ಟೈರಿನದು ಮಾತ್ರ ತೊಳೆಯೋ ನೀರು ಯಾವುದಪ್ಪ?"

ಮೆಕ್ಯಾನಿಕ್ ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಇಲ್ಲಿ ಟೈರು ಬಿಚ್ಚಿ ಹಾಕೋರು ಯಾರ್ಯಾರು?" ಅತ್ತೆ ಮ್ಯಾನೇಜರರನ್ನು ಕೇಳಿದರು.

"ಮೆಷಿನ್ ಇರೋ ಕೋಣೆ ಬೀಗದ ಕೈ ಇವರ ಹತ್ರ, ನನ್ನ ಹತ್ರ ಇದೆ. ಆದ್ರೆ ನನಗೆ ಜಾಕ್ ಹಾಕೋಕ್ಕೂ ಬರಲ್ಲ. ಇವರಂತೂ ಊರಲ್ಲೇ ಇರಲಿಲ್ಲ. ಶನಿವಾರ ಸಂಜೆ ಹೋದೋರು ಸೋಮವಾರ ಮಧ್ಯಾಹ್ನ ಬಂದರು."

"ಎಲ್ಲಿಗೆ ಹೋಗಿದ್ರಿ?"

"ಮಗಳ ಊರಿಗೆ," ಅಂದರು ಮೆಕ್ಯಾನಿಕ್. "ಬೆಟ್ಟದ ಮೇಲೆ. ಬಾಣಂತಿ, ಮಗೂನ ಕರ್ಕೊಂಡು ಬರೋಕೆ. ಭಾನುವಾರವೇ ಬರಬೇಕಿತ್ತು. ರಸ್ತೆಗೆ ಮರ ಬಿದ್ದು ತಡ ಆಯ್ತು."

"ಆ ಮಳೇಲಿ? ಬೆಟ್ಟದ ರಸ್ತೇಲಿ? ಎಳೇ ಮಗು?"

"ಎಂಟು ದಿನದ್ದು."

"ಸುಖವಾಗಿ ಬಂದ್ರಾ?"

"ಒಂದು ಕಡೆನೂ ಜಾರಲಿಲ್ಲಮ್ಮ," ಎಂದವರೇ ಮೆಕ್ಯಾನಿಕ್ ಬಾಯಿ ಮುಚ್ಚಿಕೊಂಡರು.

ಅತ್ತೆ ತಿರುಗಿ ಸೊಸೆಯನ್ನು ನೋಡಿದರು. ಸೊಸೆ ಮೆಕ್ಯಾನಿಕ್ ಕಡೆ ತಿರುಗಿದಳು. ಹೊಟ್ಟೆ ಮೇಲೆ ಹೊಡೀಬೇಡಿ ಎಂದ ಈ ಅಣ್ಣನೇ?

ಗೋಡೆ ಪಕ್ಕ ಮೆಕ್ಯಾನಿಕ್ ಅವರ ಬೂದು ಬಣ್ಣದ ಕಾರು ನಿಂತಿತ್ತು. ಚಕ್ರದ ಅಳತೆ ಸೊಸೆಯ ಕಾರಿನದ್ದೇ. ಅತ್ತೆ ಅಲ್ಲಿಗೆ ನಡೆದರು. ಎಲ್ಲರೂ ಹಿಂದೆ ನಡೆದರು.

"ಟೈರು ತಯಾರಾದ ವಾರ, ವರ್ಷ, ನಾಲ್ಕಂಕಿಯಲ್ಲಿ ಒಂದೇ ಮಗ್ಗುಲಲ್ಲಿ ಒತ್ತಿರ್ತಾರೆ," ಅಂದರು ಅತ್ತೆ. "ಒಳ್ಳೇ ಮೆಕ್ಯಾನಿಕ್ಕು ಅದನ್ನ ಹೊರಗೆ ಕಾಣೋ ಹಾಗೆ ಕೂರಿಸ್ತಾನೆ. ನೀವು ಒಳ್ಳೇ ಮೆಕ್ಯಾನಿಕ್ಕು. ಇಲ್ಲಿ ನಿಂತಿರೋ ಎಲ್ಲಾ ಕಾರೂ ಬೆಳಿಗ್ಗೆ ನೋಡಿದೆ, ಎಲ್ಲದರಲ್ಲೂ ನಂಬರು ಹೊರಗೆ. ನಿಮ್ಮ ಕಾರಲ್ಲೂ ಮೂರು ಟೈರಿನದ್ದು ಹೊರಗೇ ಇದೆ. ಏಳು ವರ್ಷದ ಹಳೇ ರಬ್ಬರು. ಮುಂದಿನ ಎಡಗಡೆದು ಮಾತ್ರ ಮುಖ ತಿರುಗಿಸಿ ಕೂತಿದೆಯಲ್ಲ, ಯಾಕೆ ಮುನಿಸು?"

ಮೆಕ್ಯಾನಿಕ್ ಮತ್ತೆ ಕೈ ಒರೆಸಿಕೊಳ್ಳತೊಡಗಿದರು.

"ಫೋನ್ ತಗೊಳ್ಳೇ. ದೀಪ ಹಾಕಿ, ಕಾರಿನ ಕೆಳಗೆ ತೂರಿಸಿ, ಆ ಟೈರಿನ ಒಳಮಗ್ಗುಲ ಫೋಟೋ ತೆಗಿ."

ಸೊಸೆ ನೆಲಕ್ಕೆ ಕೆನ್ನೆಯಾನಿಸಿ ಕೈ ಚಾಚಿದಳು. ಕ್ಲಿಕ್. ಎಳೆದುಕೊಂಡು ನೋಡಿದಳು. ಕಪ್ಪು ರಬ್ಬರಿನ ಮೇಲೆ ಗೇಣುದ್ದ ತರಚು ಗಾಯ. ಅದರ ತುಂಬಾ ಟ್ಯಾಂಕಿನ ಗೋಡೆಯ ನೀಲಿ.

ಅವಳು ಫೋನನ್ನು ಡಾಕ್ಟರಮ್ಮನ ಕೈಗೆ ಕೊಟ್ಟಳು.

"ಹೊರಗಡೆ ಗುದ್ದಿದರೆ ಗಾಯ ಹೊರಗಡೆ ಆಗ್ಬೇಕು," ಅಂದರು ಅತ್ತೆ. "ಒಳಗಡೆ ಹೇಗಾಯ್ತಪ್ಪ? ಗೋಡೆ ನಿಮ್ಮ ಕಾರಿನ ಕೆಳಗೆ ನುಗ್ಗಿತ್ತಾ?"

ಮ್ಯಾನೇಜರರ ಕೈಯಿಂದ ಫೈಲು ಜಾರಿತು. ಮೆಕ್ಯಾನಿಕ್ ಸ್ಟೂಲು ಎಳೆದುಕೊಂಡು ಕುಸಿದರು.

"ಎರಡೇ ದಿನಕ್ಕೆ ಅಂತ ತಗೊಂಡೆ. ಭಾನುವಾರ ರಾತ್ರಿ ವಾಪಸ್ ಹಾಕಿಬಿಡೋಣ ಅಂತಿದ್ದೆ. ನನ್ನವು ಸವೆದು ಬೋಳಾಗಿದ್ವು. ಮಹಾರಾಣಿಗಳನ್ನ ನನ್ನ ಕಾರಿನ ಮುಂದಕ್ಕೆ ಹಾಕ್ಕೊಂಡೆ. ನನ್ನ ಹಳೇದನ್ನ ಇವಳ ಕಾರಿನ ಹಿಂದಕ್ಕೆ ಹಾಕಿದೆ. ಸ್ಟೀರಿಂಗ್ ಇರೋದು ಮುಂದೆ ತಾನೇ, ಹಿಂದೆ ಹಳೇದಿದ್ರೂ ನಡಿಯುತ್ತೆ ಅಂತ—"

"ಮೂವತ್ತು ವರ್ಷ ಕೆಲಸ ಮಾಡಿ ಇದನ್ನಾ ಕಲ್ತಿದ್ದು?" ಅತ್ತೆಯ ದನಿ ಏರಿತು. "ಮುಂದಿನದು ಜಾರಿದರೆ ಡ್ರೈವರಿಗೆ ಸ್ಟೀರಿಂಗ್‌ನಲ್ಲಿ ತಿಳಿಯುತ್ತೆ. ಹಿಂದಿನದು ಜಾರಿದರೆ ತಿಳಿಯೋ ಹೊತ್ತಿಗೆ ಗೋಡೆ ಬಂದಿರುತ್ತೆ. ಒದ್ದೆ ರಸ್ತೇಲಿ ಒಳ್ಳೇ ಜೋಡಿ ಹಿಂದೆ ಇರಬೇಕು. ಇಲ್ಲ, ಇವಳು ಮಾಡಿದ ಹಾಗೆ ನಾಲ್ಕೂ ಒಟ್ಟಿಗೆ ಹಾಕ್ಬೇಕು."

"ನಿಮ್ಮ ಮೊಮ್ಮಗು ಮಗು, ನಮ್ಮ ತಾತ ಯಾರೂ ಅಲ್ವಾ ಅಣ್ಣ?" ಸೊಸೆ ಕೇಳಿಯೇಬಿಟ್ಟಳು. "ಎರಡು ದಿನ ನನ್ನ ಆಯ್ಕೆನೇ ತಪ್ಪು ಅಂತ ನಾನು ನಿದ್ದೆ ಮಾಡಿಲ್ಲ. ನೀವು ನೋಡ್ತಾ ನಿಂತಿದ್ರಲ್ಲ."

ಮೆಕ್ಯಾನಿಕ್ ಮುಖ ಮುಚ್ಚಿಕೊಂಡರು.

"ಒಂದು ಮಾತು ಹೇಳ್ಬೇಕು," ಅತ್ತೆ ಅವರ ಮುಂದೆ ಹೋಗಿ ನಿಂತರು. "ಇವಳು ಟೈರು ಆರಿಸಿದಾಗ ಇಲ್ಲಿರೋರೆಲ್ಲ ನಕ್ಕರಂತೆ. ಮನೇಲಿ ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ. ಆದ್ರೆ ಎಂಟು ದಿನದ ಕೂಸನ್ನ ಬೆಟ್ಟ ಇಳಿಸೋ ಹೊತ್ತಿಗೆ ನೀವು ಅಂಗಡಿಗೆ ಹೋಗ್ಲಿಲ್ಲ, ಬೇರೆ ಕಾರಿಂದ ಬಿಚ್ಚಲಿಲ್ಲ. ಇವಳ ಟೈರನ್ನೇ ಹುಡುಕ್ಕೊಂಡು ಬಂದ್ರಿ. ಇಡೀ ಊರಲ್ಲಿ ನನ್ನ ಸೊಸೆಯ ಬುದ್ಧಿಗೆ ಮೊದಲು ನಮಸ್ಕಾರ ಹಾಕಿದೋರು ನೀವೇ."

ಡಾಕ್ಟರಮ್ಮ ವಿಮೆಯವರ ವರದಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

"ಇದನ್ನ ಅವರೇ ಬಂದು ತಿದ್ದಿಕೊಡಬೇಕು, ನಾನೇ ಫೋನ್ ಮಾಡ್ತೀನಿ," ಅಂದರು. "ಬೀಗದ ಕೈ ಕೊಟ್ಟು ನೀವು ಮನೆಗೆ ಹೋಗಿ, ಮೆಕ್ಯಾನಿಕ್. ತಾತನ ಮನೆಯವರ ಮುಂದೆ ಇದನ್ನೆಲ್ಲ ನೀವೇ ಹೇಳ್ಬೇಕು. ಆಮೇಲಿನದು ಆಮೇಲೆ." ನಂತರ ಸೊಸೆಯ ಕಡೆ ತಿರುಗಿದರು. "ನಮ್ಮಲ್ಲಿ ಒಟ್ಟು ಎಷ್ಟು ಕಾರಿದೆಯಮ್ಮ?"

"ಹನ್ನೆರಡು, ಡಾಕ್ಟ್ರೇ."

"ಹನ್ನೆರಡಕ್ಕೂ ಟೈರು ನೀನೇ ಆರಿಸು. ಮ್ಯಾನೇಜರ್ ಸಹಿ ಹಾಕ್ತಾರೆ."

"ಹಾಕ್ತೀನಿ, ಹಾಕ್ತೀನಿ," ಅಂದರು ಮ್ಯಾನೇಜರ್, ಪೆನ್ನು ಹುಡುಕುತ್ತಾ.

ಸೊಸೆಗೆ ಅಳುವೂ ಬಂತು, ನಗುವೂ ಬಂತು. ಎರಡನ್ನೂ ತಡೆಯಲಿಲ್ಲ. ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಆ ಕೈಗಳ ತುಂಬಾ ಟೈರಿನ ಮಸಿ.

"ಅತ್ತೆ, ನನ್ನ ಮೇಲೆ ನಿಮಗೆ ಯಾವಾಗ ನಂಬಿಕೆ ಬಂತು? ರಿಮ್ಮು ನೋಡಿದ ಮೇಲಾ?"

"ರಿಮ್ಮು ನೋಡಿದ್ದು ಇವತ್ತು," ಅಂದರು ಅತ್ತೆ, ಒಂದು ಕೈ ಬಿಡಿಸಿಕೊಂಡು ಮೂಗಿನ ಮೇಲಿನ ಬೆವರನ್ನು ತೋಳಿನಿಂದ ಒರೆಸಿಕೊಳ್ಳುತ್ತಾ. "ನೀನು ಜೋರಾಗಿ ಓಡಿಸಿರಲ್ಲ ಅಂತ ಸೋಮವಾರವೇ ಗೊತ್ತಿತ್ತು. ನೀನು ಬಾಯಿ ಬಿಡಲಿ ಅಂತ ಕಾಯ್ತಿದ್ದೆ, ನೀನು ಬಿಡಲಿಲ್ಲ. ಕೊನೆಗೆ ನಾನೇ ಹೊರಟೆ."