ಒಂಬತ್ತು ಗಾಜಿಗೆ ಬಳಿದ ಗಂಜಿ

17.11.2025, ಸೋಮವಾರ, ಬೆಳಿಗ್ಗೆ 7.20. ಟ್ರಾವೆಲ್ಸ್ ಮಾಲೀಕ ವಸಂತಕುಮಾರ್ ಏದುಸಿರು ಬಿಡುತ್ತಾ ಠಾಣೆಗೆ ಬಂದ. ಸಿಂಗಾನಲ್ಲೂರು ಕೆರೆಯ ಹಿಂದೆ ಅವನ ಶೆಡ್ಡು. ಕಂಪನಿ ನೌಕರರನ್ನು ಕೆಲಸಕ್ಕೆ ಕರೆದೊಯ್ಯುವ ಒಂಬತ್ತು ಕಾರುಗಳು ಭಾನುವಾರ ಅಲ್ಲೇ ನಿಂತಿದ್ದವು. ಯಾರೋ ಒಳಗೆ ನುಗ್ಗಿ, ಒಂಬತ್ತರ ಮುಂಗಾಜಿಗೂ ಒಳಗಡೆಯಿಂದ ಬೆಳ್ಳಗೆ ಏನನ್ನೋ ಬಳಿದುಹೋಗಿದ್ದರು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಜಯರಾಮನ್ ಕೇಳಿದ.

"ನಮ್ಮ ಎದುರು ಟ್ರಾವೆಲ್ಸಿನವರು. ಇನ್ಯಾರು ಸಾರ್?"

"ಕೆಲಸ ಬಿಟ್ಟವರು ಯಾರಾದರೂ?"

"ಯಾರೂ ಇಲ್ಲ."

ಅತಿಕ್ರಮ ಪ್ರವೇಶ ಮತ್ತು ಆಸ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತರು.

8.45ಕ್ಕೆ ಇಬ್ಬರು ಪಂಚರ ಎದುರು ಶೆಡ್ಡಿನಲ್ಲಿ ಮಹಜರು ಶುರುವಾಯಿತು. ಕಾನ್‌ಸ್ಟೇಬಲ್ ಲಿಂಗಸಾಮಿ ಮೊದಲ ಕಾರಿನ ಗಾಜನ್ನು ಉಗುರಿನಿಂದ ಕೆರೆದು ಮೂಸಿ ನೋಡಿದ. ಲಿಂಗಸಾಮಿಯ ಮನೆಯವರು ತಲೆತಲಾಂತರದಿಂದ ನೇಯ್ಗೆಯವರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಮಾತ್ರ ಅವನಿಗೆ ಕಬ್ಬಿಣದ ಕಡಲೆ.

"ಪೇಂಟ್ ಅಲ್ಲ ಸಾರ್, ಗಂಜಿ. ಮಗ್ಗದ ನೂಲಿಗೆ ಹಾಕುವ ಅಕ್ಕಿ ಗಂಜಿ. ತೆಂಗಿನೆಣ್ಣೆಯೂ ಸೇರಿದೆ."

"ಗಂಜಿ ಯಾರ ಮನೆಯಲ್ಲೂ ಇರುತ್ತಪ್ಪ."

"ಕುಂಚ ಎಳೆದಿರೋದನ್ನ ನೋಡಿ ಸಾರ್. ಪೇಂಟಿನವನಾದರೆ ಮೇಲೆ ಕೆಳಗೆ ಆಡಿಸ್ತಾನೆ. ಇದು ಎಡದಿಂದ ಬಲಕ್ಕೆ ಒಂದೇ ದಿಕ್ಕು, ವಾಪಸ್ಸೇ ಬಂದಿಲ್ಲ. ಬೀದಿಯಲ್ಲಿ ನೂಲು ಹಾಸಿ ಗಂಜಿ ಹಾಕುವಾಗ ನಾವು ಹಿಂಗೇ ಎಳೀತೀವಿ, ವಾಪಸ್ ಎಳೆದ್ರೆ ಎಳೆ ಹರಿಯುತ್ತೆ. ಗಾಜಲ್ಲಿ ಹರಿಯೋಕೆ ಎಳೆ ಎಲ್ಲಿದೆ? ಆದ್ರೂ ಕೈ ಕೇಳಲ್ಲ."

ಗಾಜಿನ ಅಳತೆ ಬರೆಸಲು ಜಯರಾಮನ್ ಚಾಲಕನ ಸೀಟಿನಲ್ಲಿ ಕುಳಿತ. ಎ.ಸಿ. ಗುಂಡಿ ಇರಬೇಕಾದಲ್ಲಿ ಅಂಗೈಯಗಲದ ತಗಡು, ಅದಕ್ಕೆ ಎರಡು ರಿವೆಟ್ಟು.

"ಇದೇನು?"

"ಡ್ರೈವರುಗಳು ಸುಮ್ಮನೆ ಎ.ಸಿ. ಹಾಕಿ ಡೀಸೆಲ್ ಸುಡ್ತಾರೆ ಸಾರ್. ಅದಕ್ಕೇ ಮುಚ್ಚಿಸಿದೆ. ಗಂಜಿಗೂ ಅದಕ್ಕೂ ಏನು ಸಂಬಂಧ?"

"ಮಹಜರಿಗೆ ಸಂಬಂಧ ಇದೆ. ಕಣ್ಣಿಗೆ ಕಂಡದ್ದನ್ನೆಲ್ಲ ಬರೀಬೇಕು. ಬರಿ ಲಿಂಗಸಾಮಿ."

ಎಂಟು ಕಾರುಗಳಲ್ಲಿ ತಗಡು ಸಿಕ್ಕಿತು. ಒಂಬತ್ತನೆಯದರಲ್ಲಿ ಇರಲಿಲ್ಲ, ಎ.ಸಿ. ಗುಂಡಿ ಹೊಸದಾಗಿ ಹೊಳೆಯುತ್ತಿತ್ತು, ಅದರ ಆಚೀಚೆ ಎರಡು ರಿವೆಟ್ಟಿನ ತೂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಕೇಳದಿದ್ದರೂ ವಸಂತಕುಮಾರ್ ಹೇಳಿದ: "ಆ ಗಾಡಿ ಮೊದಲಿಂದಲೂ ಹಾಗೇ ಇತ್ತು ಸಾರ್."

11.30ಕ್ಕೆ ಠಾಣೆಯ ಕಂಪ್ಯೂಟರಿನಲ್ಲಿ ಆ ಕಾರಿನ ನಂಬರು ಹುಡುಕಿದಾಗ ಒಂದು ಅಪಘಾತದ ಕೇಸು ಸಿಕ್ಕಿತು. 08.10.2025, ಸಂಜೆ 5.40, ಮೆಟ್ಟುಪಾಳ್ಯಂ ರಸ್ತೆ, ಜೋರು ಮಳೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ತರಕಾರಿ ವ್ಯಾಪಾರಿ ವೇಲುಸಾಮಿ ಸ್ಥಳದಲ್ಲೇ ಸಾವು. ಚಾಲಕ ನೆಗಮಂ ಊರಿನ ಪ್ರಕಾಶ, ವಯಸ್ಸು ಇಪ್ಪತ್ತೇಳು, ಜಾಮೀನಿನ ಮೇಲಿದ್ದಾನೆ. ಕೆಲಸದಿಂದ ತೆಗೆಯಲಾಗಿದೆ. ಒಳಗಡೆ ಮಂಜು ಕಟ್ಟಿ ಗಾಜಿನಾಚೆ ಏನೂ ಕಾಣಲಿಲ್ಲ ಎಂದು ಅವನು ಹೇಳಿದ್ದ. 'ಎ.ಸಿ. ಸುಸ್ಥಿತಿಯಲ್ಲಿದೆ, ಚಾಲಕನದೇ ನಿರ್ಲಕ್ಷ್ಯ' ಎಂದು ಮಾಲೀಕ ಬರೆದುಕೊಟ್ಟಿದ್ದ.

ಅಂದು ಕಾರಿನಲ್ಲಿದ್ದ ಎಂಜಿನಿಯರ್ ಸುಪ್ರೀತಾ ದಾವಣಗೆರೆಯವಳು. ಮಧ್ಯಾಹ್ನ 3ಕ್ಕೆ ಲಿಂಗಸಾಮಿ ಅವಳ ಆಫೀಸಿಗೆ ಹೋಗಿ ಕನ್ನಡದಲ್ಲೇ ಕೇಳಿದ.

"ನಾಲ್ಕು ಜನ ಇದ್ವಿ, ಮಳೆಗೆ ಕಿಟಕಿ ಮುಚ್ಚಿದ್ವಿ. ನಮ್ಮ ಉಸಿರಿಗೇ ಗಾಜೆಲ್ಲ ಮಬ್ಬಾಯ್ತು. ಎ.ಸಿ. ಹಾಕಿ, ಒಳಗಿನ ತೇವ ಹೋಗುತ್ತೆ ಅಂದೆ. ಗುಂಡಿಗೆ ತಗಡು ಹೊಡ್ಸಿದಾರೆ ಮೇಡಂ ಅಂದ್ರು ಪ್ರಕಾಶ್."

"ಅವರು ಏನೂ ಮಾಡಲಿಲ್ವಾ?"

"ಪಾಪ, ಏನು ಮಾಡಲಿಲ್ಲ ಕೇಳಿ. ಶಾಂಪೂ ಹಾಕಿದ ಬಟ್ಟೆಯಲ್ಲಿ ಒರೆಸಿದ್ರು. ಆಲೂಗಡ್ಡೆ ಹೋಳು ಉಜ್ಜಿದ್ರು, ಡ್ಯಾಷ್‌ಬೋರ್ಡಲ್ಲಿ ಯಾವಾಗ್ಲೂ ಒಂದು ಇಟ್ಕೊಂಡಿರ್ತಿದ್ರು. ಕಿಟಕಿ ಎರಡು ಬೆರಳು ಇಳಿಸಿದ್ರು, ನೀರು ಒಳಗೆ ಹೊಡೀತು ಅಂತ ಹಿಂದೆ ಕೂತ ನಾವೇ ಬೈದು ಮುಚ್ಚಿಸಿದ್ವಿ."

"ಇದನ್ನೆಲ್ಲ ಆವತ್ತೇ ಹೇಳಿದ್ರಾ?"

"ಹೇಳ್ದೆ. ತಮಿಳಲ್ಲಿ ಬರ್ಕೊಂಡ್ರು. ನನಗೆ ಓದೋಕೆ ಬರಲ್ಲ, ಸೈನ್ ಹಾಕಿದೆ."

ಆ ಹೇಳಿಕೆಯಲ್ಲಿ ಇದ್ದದ್ದು ಒಂದೇ ಸಾಲು: ಚಾಲಕ ಮುಂದೆ ನೋಡಲಿಲ್ಲ.

ಸಂಜೆ ಶೆಡ್ಡಿನ ಕಾವಲುಗಾರ ಶಣ್ಮುಗಂ ಬಾಯಿಬಿಟ್ಟ. ಭಾನುವಾರ ಮಧ್ಯಾಹ್ನ 2ಕ್ಕೆ ಪ್ರಕಾಶನ ಅಕ್ಕ ಬಂದಿದ್ದಳು, ಕೈಯಲ್ಲಿ ಟಿಫನ್ ಕ್ಯಾರಿಯರ್. ತಮ್ಮನ ಬಟ್ಟೆ ಗಾಡಿಯಲ್ಲಿ ಉಳಿದಿದೆ ಎಂದಳು. ಗುರುತಿನವಳೆಂದು ಬೀಗದಕೈ ಗೊಂಚಲು ತೋರಿಸಿ ಅವನು ಊಟಕ್ಕೆ ಹೋಗಿದ್ದ.

18.11.2025, ಬೆಳಿಗ್ಗೆ 10.15, ನೆಗಮಂ. ಪ್ರಕಾಶನ ಅಕ್ಕ ಗಿರಿಜಮ್ಮ ಮಗ್ಗದಲ್ಲಿ ಕುಳಿತಿದ್ದಳು. ಪೊಲೀಸರನ್ನು ನೋಡಿ ಹೆದರಲಿಲ್ಲ, ಲಾಳಿಯನ್ನೂ ನಿಲ್ಲಿಸಲಿಲ್ಲ. ಪ್ರಕಾಶ ಮೂಲೆಯಲ್ಲಿ ಎದ್ದು ನಿಂತ.

"ಭಾನುವಾರ ಎಲ್ಲಿದ್ರಿ ಅಕ್ಕಾ?" ಲಿಂಗಸಾಮಿ ಕೇಳಿದ.

"ಶೆಡ್ಡಲ್ಲಿದ್ದೆ. ಒಂಬತ್ತು ಕಣ್ಣಾಡಿಗೂ ನಾನೇ ಕಂಜಿ ಪೂಸ್ದೆ. ಇಷ್ಟು ಕೇಳಾಕೆ ಎರಡು ದಿವ್ಸ ಬೇಕಾಯ್ತಾ ತಂಬಿ?"

"ಅಕ್ಕಾ, ಸುಮ್ನಿರು," ಎಂದ ಪ್ರಕಾಶ.

"ನೀನು ಸುಮ್ನಿರು. ನೀನು ಸುಮ್ನಿದ್ದಿದ್ದಕ್ಕೇ ಹಿಂಗಾಗಿದ್ದು."

ಜಯರಾಮನ್ ತಮಿಳಿನಲ್ಲಿ ಕೇಳಿದ: "ಮಾಲೀಕನ ಮೇಲೆ ಸಿಟ್ಟಿದ್ದರೆ ಅರ್ಜಿ ಕೊಡಬಹುದಿತ್ತಲ್ಲ?"

"ನಾಲ್ಕು ಕೊಟ್ಟೆ. ತಗಡು ಐತೆ, ಒಂದು ಸಾರಿ ಗಾಡಿ ಒಳ್ಗೆ ಬಗ್ಗಿ ನೋಡಿ ಅಂತ ಕಾಲು ಹಿಡ್ದೆ. ಯಾರೂ ಬಗ್ಗಿಲ್ಲ. ವಕೀಲ್ರ ಗುಮಾಸ್ತ ಹೇಳ್ದ, ಕುಟ್ರ, ಅಂದ್ರೆ ಅಪರಾಧ, ನಡೆದ ಜಾಗಕ್ಕೆ ಮಾತ್ರ ಪೊಲೀಸ್ ಮಹಜರು ಬರೀತಾರೆ ಅಂತ. ಸರಿ, ಆ ಗಾಡಿ ಒಳ್ಗೇನೇ ಒಂದು ಕುಟ್ರ ಮಾಡಿದ್ರೆ ಆಯ್ತಲ್ಲ ಅಂದ್ಕೊಂಡೆ. ಒಡೆಯೋಕೆ ಮನ್ಸು ಬರಲಿಲ್ಲ. ಕಂಜಿ ಆದ್ರೆ ಬಿಸಿನೀರಲ್ಲಿ ಹೋಗತ್ತೆ."

ಆಮೇಲೆ ಕೇಳಿದಳು: "ತಗಡು ಬರ್ಕೊಂಡ್ರಾ?"

"ಎಂಟು ತಗಡು. ಒಂಬತ್ತನೇದರಲ್ಲಿ ಎರಡು ತೂತು. ಫೋಟೋ ಸಹಿತ," ಎಂದ ಜಯರಾಮನ್.

ಗಿರಿಜಮ್ಮ ಲಾಳಿ ಕೆಳಗಿಟ್ಟು, ಸೆರಗು ಕೊಡವಿ, ಚಪ್ಪಲಿ ಮೆಟ್ಟಿದಳು. "ನಡೀರಿ."

ಮಹಿಳಾ ಕಾನ್‌ಸ್ಟೇಬಲ್ ಇಲಕ್ಕಿಯಾ ಸಮಕ್ಷಮ 10.50ಕ್ಕೆ ಬಂಧನ.

ಠಾಣೆಯಲ್ಲಿ ವಸಂತಕುಮಾರ್ ಕಾದಿದ್ದ. ಮಹಜರಿಗೆ ಸೇರಿದ ತಗಡು ಅಪಘಾತದ ಕೇಸಿನಲ್ಲಿ ಅವನಿಗೇ ತಿರುಗುತ್ತದೆ ಎಂದು ಅಷ್ಟರಲ್ಲಿ ಯಾರೋ ಬಿಡಿಸಿ ಹೇಳಿದ್ದರು.

"ಪಾಪ, ಹೆಂಗಸು ಸಾರ್. ದೂರು ವಾಪಸ್ ತಗೋತೀನಿ, ಹರಿದು ಹಾಕಿಬಿಡಿ."

"ಎಫ್‌ಐಆರ್ ಏನು ಬಸ್ ಟಿಕೆಟ್ಟೇನ್ರೀ ಹರಿದು ಹಾಕೋಕೆ? ಬೇಕಾದರೆ ಕೋರ್ಟಿನಲ್ಲಿ ರಾಜಿಯಾಗಿ. ಎರಡೂ ಕಡೆಯವರ ಸಹಿ ಬೇಕು."

ವಸಂತಕುಮಾರ್ ಗಿರಿಜಮ್ಮನ ಕಡೆ ತಿರುಗಿದ. "ಅಮ್ಮಾ, ಸಹಿ ಹಾಕಮ್ಮ. ಈವತ್ತೇ ಮನೆಗೆ ಹೋಗಬಹುದು. ತಮ್ಮನಿಗೂ ಮತ್ತೆ ಕೆಲಸ ಕೊಡ್ತೀನಿ."

"ಸಹಿ ಹಾಕಲ್ಲ. ನಾನು ಕುಟ್ರ ಮಾಡಿವ್ನಿ, ನನ್ನ ಮೇಲೆ ಕೇಸ್ ನಡೀಲಿ. ಆ ಜಡ್ಜ್ ಅಯ್ಯನ ಮುಂದೆ ನಿನ್ನ ತಗಡನ್ನ ಓದ್ಲಿ. ನಾನು ನಿಂತ್ಕೊಂಡು ಕೇಳ್ಬೇಕು."

ಪ್ರಕಾಶನಿಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದಳು. ಹದಿನೇಳರ ಅಕ್ಕನೇ ಸಾಕಿದಳು, ಮದುವೆಯಾಗಲಿಲ್ಲ. ಅಪಘಾತವಾದಂದಿನಿಂದ ಅವನು ವೇಲುಸಾಮಿಯ ಹೆಸರು ಹೇಳಿ ಅಳುತ್ತಿದ್ದ, ತಪ್ಪೊಪ್ಪಿಕೊಂಡು ಜೈಲಿಗೆ ಹೋಗುತ್ತೇನೆ ಎನ್ನುತ್ತಿದ್ದ. ಇದನ್ನು ಆಕೆ ಇಲಕ್ಕಿಯಾಳ ಹತ್ತಿರ ಮಾತ್ರ ಹೇಳಿದಳು.

ಸಂಜೆ ಜಯರಾಮನ್ ಮಹಜರಿನ ಪ್ರತಿಯನ್ನು ಪ್ರಕಾಶನ ಕೇಸು ನಡೆಯುತ್ತಿದ್ದ ಕೋರ್ಟಿಗೆ ಕಳಿಸಲು ಸಹಿ ಹಾಕಿದ. ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಎಂಬ ಕಾಲಮಿನ ಎದುರು ಬರೆದ: 'ಆರೋಪಿಯ ತಮ್ಮನ ಗಾಡಿಯಲ್ಲಿದ್ದ ತಗಡಿನ ಬಗ್ಗೆ ಯಾರೂ ಬರೆದುಕೊಳ್ಳಲಿಲ್ಲ. ನಮ್ಮ ಕೈಯಲ್ಲಿ ಅದನ್ನು ಬರೆಸುವುದಕ್ಕಾಗಿ ಆರೋಪಿ ಈ ಕೃತ್ಯ ಎಸಗಿದ್ದಾಳೆ.'