ಬೋರಲು ಹಿಡಿದ ಹಳದಿ ಕೊಡ

'ನಿಮ್ಮನ್ನು ಬಳಗದಿಂದ ತೆಗೆಯಲಾಗಿದೆ' ಎಂದು ಮೊಬೈಲ್ ಹೇಳಿದಾಗ ಸುವರ್ಣಾಳ ಮುಖ ಕೆಂಪೇರಿತು. ಮೊದಲು ಬಂದದ್ದು ನಾಚಿಕೆ, ಸಿಟ್ಟು ಆಮೇಲೆ.

ಹಿಂದಿನ ಸಂಜೆಯಷ್ಟೇ ಅವಳು ಕಲ್ಯಾಣಕುಮಾರನಿಗೆ ಬರೆದಿದ್ದಳು: "ಒಮ್ಮೆ ಘತ್ತರಗಿಗೆ ಬಂದು ನೋಡ್ರಿ. ಕೊಡ ಅಷ್ಟ ಅಲ್ರಿ, ಕೊಡ ಇಡಾಕಿನೂ ಚಂದ ಅದಾಳ." ಅಷ್ಟು ಧೈರ್ಯ ಮಾಡಿದ್ದಕ್ಕೆ ಇದು ಉತ್ತರವೇ?

ಜೇವರ್ಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಕಲ್ಯಾಣಕುಮಾರ 'ಭೀಮಾ ದಂಡೆ' ಎಂಬ ಆ್ಯಪ್ ಕಟ್ಟಿದ್ದ. ಹೊಳೆ ಏರಿತೋ ಇಳಿಯಿತೋ ಎಂದು ದಂಡೆಯ ಊರಿನವರು ಅದರ ಬಳಗದಲ್ಲಿ ಸುದ್ದಿ ಹಾಕುತ್ತಿದ್ದರು. ಘತ್ತರಗಿಯ ಭಾಗ್ಯವಂತಿ ಗುಡಿಯ ಮುಂದೆ ತಾಯಿಯೊಡನೆ ಕಾಯಿ-ಕರ್ಪೂರ ಮಾರುವ ಸುವರ್ಣಾ ದಿನಾ ಬೆಳಿಗ್ಗೆ ತನ್ನ ಹಳದಿ ಪ್ಲಾಸ್ಟಿಕ್ ಕೊಡವನ್ನು ಹೊಳೆಯ ಮೆಟ್ಟಿಲ ಮೇಲಿಟ್ಟು ಫೋಟೊ ಹಾಕುವಳು. ಕೊಡ ನೆಟ್ಟಗಿದ್ದರೆ ಸೇತುವೆ ದಾಟಬಹುದು, ಬೋರಲಿದ್ದರೆ ಬೇಡ. ಹಾಲಿನವರು, ಜೀಪಿನವರು ಆ ಕೊಡ ನೋಡದೆ ಗಾಡಿ ತೆಗೆಯುತ್ತಿರಲಿಲ್ಲ. ಅದೇ ನೆಪದಲ್ಲಿ ಇಬ್ಬರ ಮಾತೂ ಬೆಳೆದಿತ್ತು, ಮುಖ ಮಾತ್ರ ನೋಡಿರಲಿಲ್ಲ.

"ಯಾಕ ಬೇ, ಮಾರಿ ಹಂಗ್ಯಾಕ ಮಾಡಿದಿ?" ತಾಯಿ ತುಳಜಾಬಾಯಿ ಕೇಳಿದಳು.

"ಏನಿಲ್ಲ ಬಿಡವ್ವಾ. ಇವತ್ತ ಫೋಟೊ ಇಲ್ಲ, ಏನಿಲ್ಲ." ಮೊಬೈಲನ್ನು ಕಾಯಿಬುಟ್ಟಿಗೆ ಎಸೆದು ನೀರಿಗೆ ಹೋದಳು.

ಹೊಳೆ ಕಂಡು ಮೆಟ್ಟಿಲಲ್ಲೇ ನಿಂತಳು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು, ಸೇತುವೆಗೆ ಗೇಣಷ್ಟೇ ಬಾಕಿ. ಯಾರಿಗೆ ಹೇಳುವುದು, ಎಲ್ಲಿ ಹೇಳುವುದು? ಓಡಿ ಬಂದು ಮೊಬೈಲ್ ಎತ್ತಿಕೊಂಡರೆ ಅವನ ಮೆಸೇಜ್ ಕೂತಿತ್ತು.

"ತಪ್ಪಾಗೇದ್ರಿ. ಜಾಹೀರಾತಿನವರ ಕಾಟ ತಪ್ಪಲಿ ಅಂತ, ದಿನಾ ಒಂದೇ ನಮೂನಿ ಫೋಟೊ ಹಾಕೋರನ್ನ ತಾನಾಗೇ ತೆಗಿಯಂಗ ಮಾಡಿದ್ದೆ. ಆ್ಯಪಿಗೆ ನಿಮ್ಮ ಕೊಡಾನೂ ಹಂಗ ಕಂಡದ. ಎದುರಿಗೆ ಬಂದು ಮಾಫಿ ಕೇಳ್ತೇನಿ. ಹೊಂಟೇನಿ."

ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಬೈಕ್ ಮೇಲಿದ್ದಾನೆ! ಕೊಡ ಹಿಡಿದುಕೊಂಡೇ ಸೇತುವೆಯ ಕಡೆ ಓಡಿದಳು.

ಆಚೆ ದಂಡೆಯಿಂದ ಒಂದು ಬೈಕ್ ಸೇತುವೆಗೆ ಇಳಿಯುತ್ತಿತ್ತು. ಕೂಗಿದರೆ ಹೊಳೆಯ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಕೊಡವನ್ನು ಬೋರಲು ಮಾಡಿ, ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದಳು. ತಾಯಿ ಭಾಗ್ಯವಂತಿ, ಅವನು ತಲೆ ಎತ್ತಲಿ!

ಬೈಕ್ ನಿಂತಿತು. ಸರಸರನೆ ಹಿಂದೆ ಸರಿಯಿತು. ನೋಡುತ್ತಿದ್ದಂತೆ ಕೆಂಪು ನೀರು ಸೇತುವೆಯ ಮೇಲೆ ಹರಿಯಿತು. ಸುವರ್ಣಾ ಕೊಡವನ್ನು ಕೆಳಗಿಳಿಸಿದಳು.

ಫೋನ್ ಬಂತು.

"ಸಾಯಾಕ ಬಂದಿದ್ರೇನ್ರಿ?" ಅಳುತ್ತಲೇ ಬೈದಳು.

"ಆ್ಯಪ್ ಕಟ್ಟಿದವ ನಾ ಅಂತ ಸೊಕ್ಕಿತ್ರಿ ನಂಗ. ನಿಮ್ಮ ಕೊಡ ಇಲ್ಲದ ಅದು ಬರೇ ಖಾಲಿ ಡಬ್ಬಿ."

"ನೀವು ಕಟ್ಟದಿದ್ರ ನನ್ನ ಕೊಡ ಯಾರ ನೋಡ್ತಿದ್ರು? ನೀರ ತುಂಬಾಕಷ್ಟ ಇರ್ತಿತ್ತು."

ಆಚೆ ದಂಡೆಯಲ್ಲಿ ಅವನು ಬೈಕಿನಿಂದ ಇಳಿದು ನೀರಿನಂಚಿಗೆ ಬಂದ.

"ನಿನ್ನಿ ಬರದದ್ದಕ್ಕ ಜವಾಬು ಕೊಡ್ಲೇನ್ರಿ? ಇಲ್ಲಿಂದ ಮಾರಿ ಸರಿ ಕಾಣವಲ್ದು. ಆದ್ರೂ ಮದಿವಿ ಆದ್ರ ನಿಮ್ಮನ್ನ ಆಗ್ಬೇಕಂತ ಮಾಡೇನಿ. ಯಾವಾಗ ಬರಲಿ?"

ಸೆರಗಿನಿಂದ ಕಣ್ಣು ಒರೆಸಿಕೊಂಡು, ಆಚೆ ದಂಡೆಯ ಆ ಚಿಕ್ಕ ಆಕೃತಿಯನ್ನು ಕಣ್ತುಂಬ ನೋಡಿದಳು. "ಕೊಡ ನೆಟ್ಟಗ ಇಟ್ಟ ದಿನ ಬರ್ರಿ."

ಅವನು ಅವಳನ್ನು ಬಳಗಕ್ಕೆ ಮರಳಿ ಸೇರಿಸಿದ್ದ. ನೀರಿಳಿದ ಬೆಳಿಗ್ಗೆ 'ಭೀಮಾ ದಂಡೆ'ಯಲ್ಲಿ ಮತ್ತೆ ಅವಳ ಫೋಟೊ ಬಂತು. ಕೊಡ ನೆಟ್ಟಗಿತ್ತು. ಮೊದಲ ಸಲ ಅದರ ಪಕ್ಕದಲ್ಲಿ ಅವಳೂ ಕೂತಿದ್ದಳು.

ಜೀಪಿನವರು, ಹಾಲಿನವರು ನೋಡುವ ಮೊದಲೇ ಕೆಳಗೊಂದು ಮಾತು ಬಿದ್ದಿತ್ತು: "ಹೊಂಟೇನ್ರಿ."